ಹಾತ್ನೆಫರ್ ಅಜ್ಜಿಯ ಹಸಿರು ಸ್ಕ್ಯಾರಬ್

ಊರಿಂದ ಯಾರೇ ಬಂದರೂ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ. ಎಲ್ಲರಿಗೂ ಅಲ್ಲಿರುವ ಈಜಿಪ್ಟಿನ ಡೆಂಡೂರ್ ದೇವಸ್ಥಾನದ ಮುಂದೆ ಫೋಟೊ ಬೇಕು. ನಾನು ಮಾತ್ರ ಅವರನ್ನು ಮೊದಲು ಹಸಿರು ಕಲ್ಲಿನಲ್ಲಿ ಕೆತ್ತಿದ ಒಂದು ಸಗಣಿ ಹುಳುವಿನ, ಅಂದರೆ ಸ್ಕ್ಯಾರಬ್ ತಾಯಿತದ ಮುಂದೆ ನಿಲ್ಲಿಸುತ್ತೇನೆ.

ಅದು ಪ್ರಾಚೀನ ಈಜಿಪ್ಟಿನ ಹಾತ್ನೆಫರ್ ಎಂಬ ಅಜ್ಜಿಯದು. ರಾಣಿಯಲ್ಲ, ಸಾಮಾನ್ಯ ಮನೆತನದವಳು. ಮಗ ಸೆನೆನ್ಮುಟ್ ರಾಣಿ ಹಾಟ್ಶೆಪ್ಸುಟ್‌ಳ ಆಸ್ಥಾನದಲ್ಲಿ ದೊಡ್ಡ ಅಧಿಕಾರಿಯಾದ. ತಾಯಿ ತೀರಿಕೊಂಡಾಗ ಚಿನ್ನದ ಕಟ್ಟು, ಹೆಣೆದ ಚಿನ್ನದ ಸರ ಇರುವ ಈ ತಾಯಿತ ಅವಳ ಜೊತೆ ಹೋಯಿತು. 1936ರಲ್ಲಿ ಲಕ್ಸರ್ ಎದುರಿನ ಗುಡ್ಡದಲ್ಲಿ ಇದೇ ಮ್ಯೂಸಿಯಂನವರು ಗೋರಿ ತೆರೆದರು. ಅಜ್ಜಿಯ ನರೆಗೂದಲಿಗೆ ಚೌರಿ ಸೇರಿಸಿದ್ದರು. ಅಷ್ಟು ಅಕ್ಕರೆಯಿಂದ ಸಿಂಗರಿಸಿ ಕಳಿಸಿದ್ದಾರೆ, ಅಲ್ವಾ?

ಸಗಣಿ ಹುಳುವೇ ಯಾಕೆ? ಅದು ಸಗಣಿ ಉಂಡೆ ಉರುಳಿಸುವುದನ್ನು ನೋಡಿ, ಸೂರ್ಯನನ್ನೂ ಹೀಗೇ ಒಬ್ಬ ದೇವರು ಉರುಳಿಸುತ್ತಾನೆ ಅಂದುಕೊಂಡರು. ಬೆಳಗಿನ ಸೂರ್ಯ, ಖೆಪ್ರಿ. ಉಂಡೆಯೊಳಗಿಂದ ಮರಿ ಹುಳು ಹೊರಬರುವುದರಿಂದ ಮರುಹುಟ್ಟಿನ ನಂಬಿಕೆಯೂ ಸೇರಿತು.

ಸಣ್ಣ ಸ್ಕ್ಯಾರಬ್‌ಗಳು ಲೆಕ್ಕವಿಲ್ಲದಷ್ಟಿವೆ. ಬಳಪದ ಕಲ್ಲಿನಲ್ಲಿ ಕೆತ್ತಿ, ಮೇಲೆ ನೀಲಿಯೋ ಹಸಿರೋ ಗಾಜಿನ ಹೊಳಪು ಕೊಟ್ಟು, ದಾರಕ್ಕೆ ಉದ್ದಕ್ಕೂ ತೂತು ಕೊರೆದವು. ಎಷ್ಟೋ ಮುದ್ರೆ ಒತ್ತಲೂ ಬಳಕೆಯಾದವು. ಈಜಿಪ್ಟಿನ ದೊರೆ ಮೂರನೇ ಅಮೆನ್‌ಹೊಟೆಪ್ ಅಂತೂ ತಾನು ಮೊದಲ ಹತ್ತು ವರ್ಷದಲ್ಲಿ ನೂರಕ್ಕೂ ಜಾಸ್ತಿ ಸಿಂಹ ಹೊಡೆದೆ ಎಂದು ದೊಡ್ಡ ಸ್ಕ್ಯಾರಬ್‌ಗಳ ಮೇಲೆ ಬರೆಸಿ ಹಂಚಿದ. ನನಗೆ ಅವು ಅಷ್ಟಕ್ಕಷ್ಟೆ.

ಅಜ್ಜಿಯದು ಬೇರೆ. ಇದು ಹೃದಯದ ಸ್ಕ್ಯಾರಬ್. ಸತ್ತ ಮೇಲೆ ಹೃದಯವನ್ನು ತಕ್ಕಡಿಯಲ್ಲಿ ಇಟ್ಟು, ಸತ್ಯದೇವತೆ ಮಾಟ್‌ಳ ಗರಿಯ ಎದುರು ತೂಗುತ್ತಾರೆ. ಅಲ್ಲಿ ಬಾಯಿಬಿಡುವ ಸಾಕ್ಷಿ ಆ ಹೃದಯವೇ. ಅದಕ್ಕೇ ಹುಳುವಿನ ಚಪ್ಪಟೆ ಹೊಟ್ಟೆಯ ಮೇಲೆ ಸಾಲು ಸಾಲಾಗಿ ಮೊರೆ ಕೊರೆದಿದ್ದಾರೆ: ತಾಯಿಯಿಂದ ಬಂದ ನನ್ನ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ. ದೇವರ ಮುಂದೆ ನಿಲ್ಲುವ ಮೊದಲು ತನ್ನ ಹೃದಯವನ್ನೇ ಬೇಡಿಕೊಳ್ಳಬೇಕು! ಯಾವ ಚಿನ್ನವೂ ನನ್ನನ್ನು ಇಷ್ಟು ಹೊತ್ತು ನಿಲ್ಲಿಸಿಲ್ಲ.

ಆದ್ದರಿಂದ ಒಂದು ಮಾತು. ಯಾವ ಮ್ಯೂಸಿಯಂಗೇ ಹೋಗಿ, ಸ್ಕ್ಯಾರಬ್‌ನ ಬೆನ್ನು ನೋಡಿ ಸುಮ್ನೆ ಮುಂದೆ ಹೋಗಬೇಡಿ. ಪಕ್ಕದಲ್ಲಿ ಕನ್ನಡಿಯೋ ಮುದ್ರೆಯ ಅಚ್ಚೋ ಇದೆಯಾ ಹುಡುಕಿ. ಇಲ್ಲದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಹೊಟ್ಟೆಯ ಕಡೆಯ ಫೋಟೊ ಇದೆಯಾ ಎಂದು ಕೇಳಿ.