ಚೇತಕ್ ಎಂಜಿನ್ ಲಾಗ್: ಕಿತ್ತುಬಂದ ಸ್ಟಡ್ಡು, ಹೊಸ ಥ್ರೆಡ್ಡು

1989ರ ಬಜಾಜ್ ಚೇತಕ್ ಸ್ಕೂಟರಿನ ಎಂಜಿನ್ ಕೆಲಸ ಹೆಡ್ (ಸಿಲಿಂಡರಿನ ಮುಚ್ಚಳ) ನಟ್ಟಿನ ಹತ್ತಿರ ಬಂದು ನಿಂತಿತ್ತು. ನಾಲ್ಕರಲ್ಲಿ ಮೂರು ನಟ್ಟು ಸರಿಯಾಗಿ ಟೈಟ್ ಆದವು. ಸೈಲೆನ್ಸರ್ ಕಡೆಯ ಇನ್ನೊಂದು ಮಾತ್ರ ತಿರುಗಿಸಿದಷ್ಟೂ ತಿರುಗುತ್ತಲೇ ಇತ್ತು. ನಟ್ಟೇ ಹೋಗಿರಬೇಕು ಅಂತ ಹೊಸದು ಹಾಕಿದೆ. ಅದೂ ಹಾಗೇ. ಬಗ್ಗಿ ನೋಡಿದರೆ ನಟ್ಟಿನ ಜೊತೆ ಸ್ಟಡ್ಡೂ (ನಟ್ಟು ಕೂರುವ, ಎರಡೂ ತುದಿಗೆ ಥ್ರೆಡ್ ಇರುವ ಉದ್ದ ಕಡ್ಡಿ) ಮೆಲ್ಲಗೆ ಮೇಲೆ ಬರುತ್ತಿದೆ. ಅಂದರೆ ಹೋಗಿರುವುದು ಸ್ಟಡ್ಡು ಕೂರುವ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಅಲ್ಯುಮಿನಿಯಂ ಬುಡ) ಒಳಗಿನ ಥ್ರೆಡ್ಡು.

ಹೆಡ್ಡು, ಬೋರು (ಸಿಲಿಂಡರ್), ಪಿಸ್ಟನ್ ಮತ್ತೆ ಬಿಚ್ಚಿದೆ. ಸ್ಟಡ್ಡು ಕೈಯಲ್ಲಿ ಎಳೆದರೇ ಬಂತು. ಅದರ ಥ್ರೆಡ್ ಸಂದಿಯಲ್ಲಿ ಅಲ್ಯುಮಿನಿಯಂ ಸಿಕ್ಕಿಕೊಂಡಿತ್ತು. ಉಗುರಿನಿಂದ ಎಬ್ಬಿಸಿದರೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಕೇಸಿನ ಥ್ರೆಡ್ಡೇ ಅದು. ಅದರ ಜೊತೆ ತಾಮ್ರದ ವೈರಿನ ಎಳೆಯೊಂದೂ ಹೊರಗೆ ಬಂತು. ಹಾಗಾದರೆ ಇದು ಹಳೇ ಕಾಯಿಲೆ. ಹಿಂದೆ ಯಾರೋ ತೂತಿನಲ್ಲಿ ವೈರಿನ ಎಳೆ ಇಟ್ಟು, ಸ್ಟಡ್ಡು ಬಿಗಿಯಾಗಿ ಕೂತ ಹಾಗೆ ಮಾಡಿ ಗಾಡಿ ಕಳಿಸಿದ್ದಾರೆ.

ಯಾಕೆ ಹೀಗಾಗುತ್ತೆ ಅಂದರೆ, ಟೂ ಸ್ಟ್ರೋಕ್ ಗಾಡಿಗಳಲ್ಲಿ ಕಾರ್ಬನ್ ತೆಗೆಯಲು ಹೆಡ್ ಬಿಚ್ಚುವುದು ಆಗ ಮಾಮೂಲಿ ಕೆಲಸ. ಪ್ರತಿ ಸಲವೂ ಟೀ ಸ್ಪ್ಯಾನರ್ ಹಿಡಿದು ಕೈ ನೋಯುವ ತನಕ ಟೈಟ್ ಮಾಡುವುದೂ ಮಾಮೂಲಿ. ಚೇತಕ್‌ನದು ವೆಸ್ಪಾ ಸ್ಪ್ರಿಂಟ್ ವಂಶದ ಎಂಜಿನ್ನು, ಸ್ಟಡ್ಡು ಬರೀ 7 ಮಿ.ಮೀ. ದಪ್ಪ. 11ರ ಸ್ಪ್ಯಾನರ್ ಕೂರುವ ಈ ಪುಟ್ಟ ನಟ್ಟಿಗೆ ಸುಮಾರು 15 ನ್ಯೂಟನ್ ಮೀಟರ್ ಬಿಗಿ ಧಾರಾಳ ಸಾಕು. ಜೊತೆಗೆ ಬಿಸಿಯ ಕಾಟ ಬೇರೆ. ಕಾದಾಗ ಅಲ್ಯುಮಿನಿಯಂ ಸ್ಟೀಲ್‌ಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಹೆಡ್ಡು ಹಿಗ್ಗಿದಷ್ಟೂ ಸ್ಟಡ್ಡನ್ನು ಮೇಲಕ್ಕೆ ಎಳೆಯುತ್ತದೆ. ಮೊದಲೇ ಜಾಸ್ತಿ ಬಿಗಿದಿದ್ದರೆ ಸೋಲುವುದು ಕೇಸಿನ ಮೆತ್ತನೆಯ ಅಲ್ಯುಮಿನಿಯಂ ಥ್ರೆಡ್ಡೇ ಅಲ್ವಾ?

ರಿಪೇರಿಗೆ ದಾರಿ ಹುಡುಕುತ್ತಾ ಮೊದಲು ಹೋಗಿದ್ದು ಲೇತ್ ಅಂಗಡಿಗೆ. ಅಲ್ಲಿಯ ಹಿರಿಯರು ತೂತಿನ ಫೋಟೋ ನೋಡಿದವರೇ ಹೇಳಿದರು: "ಎಂಟಕ್ಕೆ ಟ್ಯಾಪ್ ಹೊಡೆದುಬಿಡೋಣ ಸಾರ್. ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಾ?"

"ಎಂಟರ ಸ್ಟಡ್ಡು ಬೋರಿನ ತೂತಲ್ಲಿ ಹೋಗಬೇಕಲ್ಲ ಅಣ್ಣಾ?"

"ಕೆಳಗೆ ಎಂಟು, ಮೇಲೆ ಏಳು. ಸ್ಟೆಪ್ ಸ್ಟಡ್ಡು ಕಡೆದು ಕೊಡ್ತೀನಿ."

ಅಂದರೆ ಕೇಸಿನ ತೂತಿಗೆ 8 ಮಿ.ಮೀ. ಥ್ರೆಡ್ ಕೊರೆದು, ಬುಡ 8, ಮೇಲ್ಭಾಗ 7 ಇರುವ ಸ್ಟಡ್ಡು ಹಾಕುವುದು. ತಪ್ಪು ಸಲಹೆ ಅಲ್ಲ. ತುಂಬಾ ಗಾಡಿಗಳು ಸ್ಟೆಪ್ ಸ್ಟಡ್ಡಿನ ಮೇಲೇ ಓಡುತ್ತಿವೆ. ಆದರೆ ಅವರ ಹತ್ತಿರ ಇದ್ದದ್ದು ಸಾದಾ ಎಂಎಸ್ (ಮೆತ್ತನೆಯ ಸ್ಟೀಲ್) ರಾಡು. ಬಿಗಿ ಬಿದ್ದಾಗ ಅದು ಎಳೆದುಕೊಂಡು ಸಡಿಲ ಆಗಬಹುದು ಅನ್ನುವ ಭಯ ನನಗೆ. ಮುಂದೆ ಸ್ಟಡ್ಡು ಬದಲಾಯಿಸಬೇಕಾದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಟಡ್ಡೇ ಕೂರಬೇಕು ಅನ್ನುವ ಆಸೆಯೂ ಇತ್ತು. ಹಾಗಾಗಿ ಹೆಲಿಕಾಯಿಲ್ ಹಾಕುವುದು ಅಂತ ತೀರ್ಮಾನಿಸಿದೆ.

ನೋಡದವರಿಗೆ ಹೇಳುವುದಾದರೆ, ಅದು ಬಾಲ್ ಪೆನ್ನಿನೊಳಗಿನ ಸ್ಪ್ರಿಂಗಿನಂಥ ಸ್ಟೇನ್‌ಲೆಸ್ ಸ್ಟೀಲ್ ಸುರುಳಿ. ತಂತಿ ಮಾತ್ರ ದುಂಡಗಿರುವುದಿಲ್ಲ, ವಜ್ರಾಕಾರ. ಹೊರಗಿನ ಏಣು ಹೊಸದಾಗಿ ಕೊರೆದ ದೊಡ್ಡ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಗಿನ ಏಣು ಸ್ಟಡ್ಡಿಗೆ ಹಳೇ ಅಳತೆಯ ಥ್ರೆಡ್ಡಾಗುತ್ತದೆ. ಎಳೆತ ಅಲ್ಯುಮಿನಿಯಂನ ದೊಡ್ಡ ವ್ಯಾಸಕ್ಕೆ ಹಂಚಿಹೋಗುವುದರಿಂದ ಮೂಲ ಥ್ರೆಡ್ಡಿಗಿಂತಲೂ ಗಟ್ಟಿ. ಇದನ್ನು ತೇಪೆ ಕೆಲಸ ಅಂದುಕೊಳ್ಳುವುದು ಬೇಡ.

ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಕೇಳಿದ ಅಂಗಡಿಗಳಲ್ಲಿ 6, 8, 10ರ ಸೆಟ್ಟು ಇತ್ತು. 7 ಅಂದರೆ "ಅದು ಯಾವ ಗಾಡಿಗೆ?" ಅಂತ ನನ್ನನ್ನೇ ಕೇಳಿದರು. ಕೊನೆಗೆ ಆನ್‌ಲೈನ್‌ನಲ್ಲಿ ಎಂ7×1.0 (7 ಮಿ.ಮೀ. ದಪ್ಪ, ಥ್ರೆಡ್ಡಿನ ನಡುವೆ 1 ಮಿ.ಮೀ. ಅಂತರ) ಸೆಟ್ಟು ತರಿಸಿದೆ. 7.3 ಮಿ.ಮೀ. ಡ್ರಿಲ್ ಬಿಟ್ಟು, ಅದರದ್ದೇ ಟ್ಯಾಪು (ಥ್ರೆಡ್ ಕೊರೆಯುವ ಟೂಲು), ಕೂರಿಸುವ ಟೂಲು, ಸುರುಳಿಗಳು. ಹೆಸರಿಗೆ 7 ಆದರೂ ಈ ಟ್ಯಾಪಿನ ಹೊರ ಅಳತೆ ಸುಮಾರು 8.3. ಮಾಮೂಲಿ ಎಂ7 ಟ್ಯಾಪು ಇದಕ್ಕೆ ಆಗುವುದಿಲ್ಲ, ಎಂ8 ಟ್ಯಾಪೂ ಆಗುವುದಿಲ್ಲ.

ಈ ಕೆಲಸದಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಒಂದೇ: ತೂತು ನೇರ ಇರಬೇಕು. ಬುಡದಲ್ಲಿ ಒಂದು ಡಿಗ್ರಿ ವಾಲಿದರೂ ಸ್ಟಡ್ಡಿನ ತುದಿ ಎರಡು ಮಿ.ಮೀ. ಮೀರಿ ಆಚೆ ಹೋಗುತ್ತದೆ, ಬೋರು ಇಳಿಯುವುದೇ ಇಲ್ಲ. ಬರಿಗೈಯಲ್ಲಿ ಡ್ರಿಲ್ ಹಿಡಿದು "ನೇರ ಇದೆ" ಅನ್ನುವವರನ್ನು ನಾನು ನಂಬುವುದಿಲ್ಲ, ನನ್ನನ್ನೂ ಸೇರಿಸಿ.

ಅದಕ್ಕೆ ಲೇತ್ ಅಂಗಡಿಯಲ್ಲೇ 16 ಮಿ.ಮೀ. ದಪ್ಪದ ಪ್ಲೇಟೊಂದು ಮಾಡಿಸಿದೆ. ನಡುವೆ ಬೋರಿನ ಬುಡ ಇಳಿಯುವಷ್ಟು ದೊಡ್ಡ ತೂತು. ಬೋರನ್ನು ಅದರಲ್ಲಿ ಕೂರಿಸಿ, ಅದರ ನಾಲ್ಕು ಸ್ಟಡ್ ತೂತುಗಳ ಗುರುತನ್ನೇ ಪ್ಲೇಟಿನ ಮೇಲೆ ಹೊಡೆದುಕೊಂಡೆವು. ಮೂರು ತೂತು ಒಳ್ಳೇ ಸ್ಟಡ್ಡುಗಳಿಗೆ, ನಾಲ್ಕನೆಯದು 7.3ರ ಡ್ರಿಲ್‌ಗೆ. ಹಿರಿಯರು ಮೊದಲು ನಕ್ಕರೂ, ಪಿಲ್ಲರ್ ಡ್ರಿಲ್ಲಿನಲ್ಲಿ ಪ್ಲೇಟು ಕಟ್ಟುವಾಗ ಅವರೇ ಎರಡೆರಡು ಸಲ ಗುಣಿಯ (ಲಂಬಕೋನ ನೋಡುವ ಸಾಧನ) ಇಟ್ಟು ನೋಡಿದರು.

ಮನೆಗೆ ತಂದು ಪ್ಲೇಟನ್ನು ಮೂರು ಸ್ಟಡ್ಡಿಗೆ ಇಳಿಸಿ, ಪೈಪಿನ ತುಂಡು ಹಾಕಿ ನಟ್ಟು ಬಿಗಿದೆ. ಕೇಸಿನ ಮುಖಕ್ಕೆ ಪ್ಲೇಟು ಸಪಾಟಾಗಿ ಕೂತಿತು. ಕನೆಕ್ಟಿಂಗ್ ರಾಡು ನಡುವಿನ ತೂತಿನೊಳಗೆ. ಅದಕ್ಕೂ ಮೊದಲು ರಾಡಿನ ಸುತ್ತ, ಟ್ರಾನ್ಸ್‌ಫರ್ ಪೋರ್ಟುಗಳ (ಕೇಸಿನಿಂದ ಬೋರಿಗೆ ಪೆಟ್ರೋಲ್ ಮಿಶ್ರಣ ಹೋಗುವ ದಾರಿಗಳು) ಒಳಗೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿದ್ದೆ. ಇಲ್ಲಿ ಸೋಮಾರಿತನ ನಡೆಯುವುದಿಲ್ಲ. ಚೇತಕ್‌ನಲ್ಲಿ ಕಾರ್ಬುರೇಟರ್‌ನಿಂದ ಬರುವ ದಾರಿಯನ್ನು ತೆರೆದು ಮುಚ್ಚುವುದು ಕ್ರ್ಯಾಂಕಿನ ತಟ್ಟೆಯೇ. ಕೇಸಿನ ಮೇಲ್ಮೈಗೆ ತಾಗಿತೋ ಇಲ್ಲವೋ ಅನ್ನುವಷ್ಟು ಹತ್ತಿರ ಅದು ತಿರುಗುತ್ತದೆ. ಆ ಸಂದಿಗೆ ಒಂದು ಚೂರು ಸಿಕ್ಕಿ ಗೀರು ಬಿದ್ದರೆ ಸ್ಟಡ್ಡಿನ ರಿಪೇರಿ ಹೋಗಿ ಕೇಸೇ ಬದಲಾಯಿಸುವ ಗತಿ.

ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿ, ಸೀಮೆಎಣ್ಣೆ ಬಿಡುತ್ತಾ ನಿಧಾನಕ್ಕೆ ಕೊರೆದೆ. ಅಲ್ಯುಮಿನಿಯಂ ಬಿಟ್ಟಿಗೆ ಅಂಟಿಕೊಳ್ಳುವ ಸ್ವಭಾವದ್ದು, ಸೀಮೆಎಣ್ಣೆ ಇದ್ದರೆ ಚೂರು ಸಲೀಸಾಗಿ ಹೊರಬರುತ್ತದೆ. ಆಮೇಲೆ ಪ್ಲೇಟು ಬಿಚ್ಚಿ, ಅದರ ನಾಲ್ಕನೇ ತೂತನ್ನು 8.4ಕ್ಕೆ ದೊಡ್ಡದು ಮಾಡಿಸಿ, ಮತ್ತೆ ಹಾಕಿ ಅದರ ಮೂಲಕವೇ ಟ್ಯಾಪು ಇಳಿಸಿದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರುಗಳನ್ನು ವ್ಯಾಕ್ಯೂಮ್‌ಗೆ ಸಣ್ಣ ಪೈಪು ಸಿಕ್ಕಿಸಿ ಎಳೆದೆ. ಕಂಪ್ರೆಸರ್ ಗಾಳಿ ಹೊಡೆಯಲೇಬಾರದು, ಇದ್ದಬದ್ದ ಚೂರೆಲ್ಲ ಒಳಗೇ ಹೋಗುತ್ತದೆ.

ಸುರುಳಿ ಕೂರಿಸುವುದು ಐದು ನಿಮಿಷದ ಕೆಲಸ. ಟೂಲಿಗೆ ಸಿಕ್ಕಿಸಿ, ಒತ್ತದೆ, ಸುಮ್ಮನೆ ತಿರುಗಿಸಿದರೆ ತಾನಾಗಿ ಇಳಿಯುತ್ತದೆ. ಅದರ ಮೇಲ್ತುದಿ ಕೇಸಿನ ಮುಖಕ್ಕಿಂತ ಅರ್ಧ ಸುತ್ತು ಕೆಳಗೆ ನಿಲ್ಲಬೇಕು. ಬುಡದಲ್ಲಿರುವ ಪುಟ್ಟ ಅಡ್ಡತಂತಿಯನ್ನು ಪಂಚಿನಿಂದ ಮೆಲ್ಲಗೆ ತಟ್ಟಿದರೆ ಟಕ್ ಅಂತ ಮುರಿಯುತ್ತದೆ. ಆ ತುಂಡನ್ನು ಚಿಮಟದಲ್ಲಿ ಹೊರಗೆ ತೆಗೆದು ಕಣ್ಣಾರೆ ನೋಡಿದ ಮೇಲೇ ಮುಂದಿನ ಕೆಲಸ.

ಹೊಸ ಸ್ಟಡ್ಡಿಗೆ ಎರಡು ನಟ್ಟು ಒಂದಕ್ಕೊಂದು ಲಾಕ್ ಮಾಡಿ, ಥ್ರೆಡ್ ಲಾಕರ್ ಎರಡು ಹನಿ ಹಾಕಿ ಇಳಿಸಿದೆ. ಗುಣಿಯ ಇಟ್ಟರೆ ನೆಟ್ಟಗಿತ್ತು. ಮಾರನೇ ದಿನ ಹೊಸ ಪ್ಯಾಕಿಂಗ್ ಹಾಕಿ ಬೋರು ಬಿಟ್ಟರೆ ಎಲ್ಲೂ ಹಿಡಿಯದೆ ಇಳಿಯಿತು. ಅಷ್ಟು ಹೊತ್ತೂ ಹಿಡಿದಿದ್ದ ಉಸಿರು ಆಗ ಬಿಟ್ಟೆ. ಹೆಡ್ ನಟ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ, ಮೊದಲು 8, ಆಮೇಲೆ 15 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚಿನಲ್ಲಿ ಬಿಗಿದೆ. ನಾಲ್ಕೂ ಕ್ಲಿಕ್ ಅಂದವು.

ಎರಡು ಕಿಕ್ಕಿಗೆ ಸ್ಟಾರ್ಟ್ ಆಯಿತು. ಹೆಡ್ಡಿನ ಜಾಯಿಂಟಿಗೆ ಸೋಪಿನ ನೀರು ಬಿಟ್ಟರೆ ಗುಳ್ಳೆ ಇಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಕ್ ಮತ್ತೆ ನೋಡಿದೆ. ಹಳೇ ಮೂರು ಸ್ಟಡ್ಡುಗಳಲ್ಲಿ ಒಂದರ ನಟ್ಟು ಸ್ವಲ್ಪ ತಿರುಗಿ ಕ್ಲಿಕ್ ಅಂತು, ಹೊಸದು ಅಲುಗಲಿಲ್ಲ.

ಪ್ಲೇಟನ್ನು ಲೇತ್ ಅಂಗಡಿಯಲ್ಲೇ ಬಿಟ್ಟಿದ್ದೇನೆ. ಅಲ್ಲಿಗೆ ಇನ್ನೊಂದು ಚೇತಕ್ ಇದೇ ಕಾಯಿಲೆ ಹೊತ್ತು ಬಂದಿದೆಯಂತೆ. ನನ್ನ ಗಾಡಿಯಲ್ಲಿ ಮುಂದಿನ ಕೆಲಸ ಕ್ಲಚ್ ಕವರ್ ಹತ್ತಿರದ ಆಯಿಲ್ ಸೋರಿಕೆ.