ಘಾಟು ಮಾತ್ರ ಉಳಿದಿತ್ತು

ಹಾಲು ಉಕ್ಕಿ, ಇಂಗಿ, ಪಾತ್ರೆಯ ತಳ ಕರಕಲಾಗಿತ್ತು. ನಾನು ಅದೇ ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಮಹಡಿ ಮೇಲೆ ಓದುತ್ತಿದ್ದ ಮಗಳು "ಅಮ್ಮಾ, ಹಾಲು ಸೀದೋಗ್ತಿದೆ" ಅಂತ ಕೂಗುತ್ತಾ ಇಳಿದು ಬಂದಳು. ಒಲೆ ಆರಿಸಿದಳು, ಕಿಟಕಿ ತೆಗೆದಳು, ನನ್ನ ಮುಖ ನೋಡಿದಳು. "ನಿಂಗೆ ವಾಸನೆ ಬರ್ಲಿಲ್ವಾ?"

ಬಂದಿರಲಿಲ್ಲ. ನನಗೂ ಆಗಲೇ ಗೊತ್ತಾಗಿದ್ದು. ಸ್ಕೂಟರಿನಿಂದ ಬಿದ್ದು ಅವತ್ತಿಗೆ 12 ದಿನ. ಅಷ್ಟು ದಿನವೂ ಊಟ ಸಪ್ಪೆ ಅನ್ನಿಸುತ್ತಿತ್ತು, ಮಾತ್ರೆ ತಿಂದು ಬಾಯಿ ಕೆಟ್ಟಿದೆ ಅಂದುಕೊಂಡಿದ್ದೆ. ಮಗಳು ಇಂಗಿನ ಡಬ್ಬಿ ತಂದು ಮೂಗಿಗೆ ಹಿಡಿದಳು. ಕಾಫಿ ಪುಡಿ ಹಿಡಿದಳು. ದೇವರ ಮನೆಯಿಂದ ಊದುಬತ್ತಿ ತಂದಳು. ಏನೂ ಇಲ್ಲ. ಮೂಗು ಕಟ್ಟಿರಲಿಲ್ಲ, ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು. ಬರೀ ಗಾಳಿ.

ಮೈಸೂರಿನ ಸರಸ್ವತೀಪುರಂನಲ್ಲಿ ನಮ್ಮ ಮನೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ತುಪ್ಪ ಮಾಡಿ ಮಾರುವುದು ನನ್ನ ಕೆಲಸ. ಬಿದ್ದಿದ್ದು 2018ರ ಡಿಸೆಂಬರಿನಲ್ಲಿ. ದೇವರಾಜ ಮಾರುಕಟ್ಟೆಯಿಂದ ಸಾಮಾನು ತರುತ್ತಿದ್ದೆವು. ನಮ್ಮನೆಯವರು ಓಡಿಸುತ್ತಿದ್ದರು, ನಾನು ಹಿಂದೆ ಒಂದೇ ಕಡೆ ಕಾಲು ಹಾಕಿ, ತೊಡೆ ಮೇಲೆ ಎರಡು ಚೀಲ ಇಟ್ಟುಕೊಂಡು ಕೂತಿದ್ದೆ. ಕತ್ತಲಲ್ಲಿ ರಸ್ತೆ ಉಬ್ಬು ಕಾಣಲಿಲ್ಲವಂತೆ. ಹಿಂದಕ್ಕೆ ಬಿದ್ದೆನಂತೆ. ಎಲ್ಲಕ್ಕೂ 'ಅಂತೆ' ಸೇರಿಸುತ್ತಿದ್ದೇನೆ, ಯಾಕೆಂದರೆ ಆ ಸಂಜೆಯೂ ಮಾರನೇ ದಿನವೂ ನನ್ನ ತಲೆಯಲ್ಲಿ ಇಲ್ಲವೇ ಇಲ್ಲ. ಹಿಂದೆ ಕೂರುವವರಿಗೂ ಕರ್ನಾಟಕದಲ್ಲಿ 2016ರಿಂದ ಹೆಲ್ಮೆಟ್ ಕಡ್ಡಾಯ. ನನ್ನ ಹೆಲ್ಮೆಟ್ ಮನೆಯ ಮೊಳೆಗೆ ನೇತಾಡುತ್ತಿತ್ತು. ಇಲ್ಲೇ ಹೋಗಿ ಬರೋದು ತಾನೆ ಅಂತ ಬಿಟ್ಟು ಹೋಗಿದ್ದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಐದು ದಿನ ಆಸ್ಪತ್ರೆಯಲ್ಲಿದ್ದೆ. ಬಿಡುಗಡೆ ಚೀಟಿಯಲ್ಲಿ 'ಮೈಲ್ಡ್ ಹೆಡ್ ಇಂಜುರಿ' ಅಂತ ಬರೆದಿತ್ತು. ಗ್ಲಾಸ್ಗೋ ಅಳತೆಯಲ್ಲಿ 15ಕ್ಕೆ 14. ಕಣ್ಣು ತೆರೆಯುತ್ತಾರಾ, ಸರಿಯಾಗಿ ಮಾತಾಡುತ್ತಾರಾ, ಹೇಳಿದಂತೆ ಕೈಕಾಲು ಆಡಿಸುತ್ತಾರಾ, ಈ ಮೂರನ್ನು ನೋಡಿ ಕೊಡುವ ಅಂಕ ಅದು. 1974ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ಮಾಡಿದ್ದು. 13ರಿಂದ 15 ಬಂದರೆ ಮೈಲ್ಡ್. ಜೀವಕ್ಕೆ ಎಷ್ಟು ಅಪಾಯ ಅಂತ ತಿಳಿಯಲು ಅದು ಬೇಕೇ ಬೇಕು. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಆ 'ಮೈಲ್ಡ್' ಅನ್ನುವ ಪದವನ್ನೇ ಹಿಡಿದುಕೊಂಡರು. ನಾನೂ ಹಿಡಿದುಕೊಂಡೆ. ವಾರದಲ್ಲಿ ಎದ್ದು ಓಡಾಡಬೇಕು ಅಂತ ನನ್ನನ್ನೇ ದೂಡುತ್ತಿದ್ದೆ.

ಹಾಲು ಸೀದ ಮೇಲೆ ಮತ್ತೆ ಡಾಕ್ಟರ ಹತ್ತಿರ ಹೋದೆವು. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಪೆಟ್ಟು ಬಿದ್ದಿದ್ದು ತಲೆಯ ಹಿಂಭಾಗಕ್ಕೆ. ಆದರೆ ಬುರುಡೆಯೊಳಗೆ ಮಿದುಳು ನೀರಿನಲ್ಲಿ ತೇಲುವ ಹಾಗೆ ಇರುತ್ತದೆ, ಹಿಂದೆ ಬಡಿದರೆ ಮುಂದೆಯೂ ಜಜ್ಜುತ್ತದೆ. ಸ್ಕ್ಯಾನಿನಲ್ಲಿ ಹಣೆಯ ಹಿಂದೆ ಸಣ್ಣ ಗಾಯ ಕಂಡಿತ್ತು. ಮೂಗಿನ ಮೇಲ್ಗಡೆ, ಮಿದುಳಿನ ಅಡಿಯಲ್ಲಿ, ಜರಡಿಯಂಥ ತೆಳು ಮೂಳೆ ಇದೆ. ಅದರ ತೂತುಗಳಲ್ಲಿ ವಾಸನೆಯ ನರದ ಎಳೆಗಳು ಹಾದು ಮೇಲೆ ಹೋಗುತ್ತವೆ. ಮಿದುಳು ಹೀಗೆ ಜೋರಾಗಿ ಅಲುಗಾಡಿದಾಗ ಆ ಎಳೆಗಳು ಅಲ್ಲೇ ಕತ್ತರಿಸಿ ಹೋಗಬಹುದು. ಆಮೇಲೆ ವರ್ಷಗಟ್ಟಲೆ ನಾನು ಪುಡಿ ಜರಡಿ ಹಿಡಿಯುವಾಗೆಲ್ಲ ಆ ಚಿತ್ರ ನೆನಪಾಗುತ್ತಿತ್ತು. "ಬರಬಹುದು, ಬರದೆಯೂ ಇರಬಹುದು. ಬಂದರೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಬರುತ್ತೆ" ಅಂದರು. ನೇರವಾಗಿ ಹೇಳಿದ್ದಕ್ಕೆ ಅವರಿಗೆ ಇವತ್ತಿಗೂ ಋಣಿ.

ನೆಂಟರು ನೋಡಲು ಬಂದರು. "ಬರೀ ವಾಸನೆ ತಾನೆ? ಕೈಕಾಲು ನೆಟ್ಟಗಿದೆಯಲ್ಲ, ದೇವರು ದೊಡ್ಡವನು." ಒಳ್ಳೇ ಮನಸ್ಸಿನಿಂದಲೇ ಅಂದಿದ್ದು. ಆದರೆ ಪ್ರತಿ ಸಲವೂ ನನಗೆ ಅಳು ಒತ್ತರಿಸಿ ಬರುತ್ತಿತ್ತು.

ನನ್ನ ಕಸುಬೆಲ್ಲ ಮೂಗಿನಲ್ಲೇ ಇತ್ತು, ಅದನ್ನು ಹೇಗೆ ಹೇಳಲಿ? ಧನಿಯ ಘಮ್ ಅಂದರೆ ಸಾಕು, ಇಳಿಸುತ್ತಿದ್ದೆ. ಮೆಂತ್ಯ ಒಂದು ಗಳಿಗೆ ಜಾಸ್ತಿಯಾದರೆ ಕಮಟು ಬರುತ್ತದೆ, ಅದಕ್ಕೆ ಮುಂಚೆ ಕೈ ತಾನಾಗಿ ಬಾಣಲೆಗೆ ಹೋಗುತ್ತಿತ್ತು. 2019ರ ಫೆಬ್ರವರಿಯಲ್ಲಿ ಹಟಕ್ಕೆ ಬಿದ್ದು ನಾಲ್ಕು ಕಿಲೋ ಸಾರಿನ ಪುಡಿ ಮಾಡಿ ಕಳಿಸಿದೆ. ಮೆಂತ್ಯ ಸೀದಿತ್ತು. ಪೂರ್ತಿ ಕಹಿ. ಒಬ್ಬರ ಹಿಂದೆ ಒಬ್ಬರು ಫೋನ್ ಮಾಡಿದರು. ಕಹಿ ನಾಲಿಗೆಗೆ ಗೊತ್ತಾಗಬೇಕಿತ್ತಲ್ಲ ಅಂತ ನೀವು ಕೇಳಬಹುದು. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಎಲ್ಲ ಗೊತ್ತಾಗುತ್ತಿತ್ತು. ಆದರೆ ಪುಡಿಯನ್ನು ನಾನು ಯಾವತ್ತೂ ನಾಲಿಗೆಗೆ ಹಚ್ಚಿ ನೋಡಿದವಳೇ ಅಲ್ಲ. ಮೂಗಿಗೆ ಹಿಡಿದರೆ ಮುಗಿಯುತ್ತಿತ್ತು. ಆ ಅಭ್ಯಾಸ ಬದಲಾಯಿಸಬೇಕು ಅಂತ ಹೊಳೆಯಲೇ ಇಲ್ಲ. ದುಡ್ಡು ವಾಪಸ್ ಕೊಟ್ಟೆ, ಪುಡಿ ಚೆಲ್ಲಿದೆ, ಬಾಗಿಲು ಹಾಕಿಕೊಂಡು ಮಲಗಿದೆ.

ಆ ದಿನಗಳಲ್ಲಿ ಮೂಗಿಗಿಂತ ಹೆಚ್ಚು ಹೆದರಿಸಿದ್ದು ಉಳಿದ ಬದಲಾವಣೆಗಳು. ಮಿಕ್ಸಿ ಶಬ್ದ ಕೇಳಿದರೆ ತಲೆಯೊಳಗೆ ಗರಗಸ ಎಳೆದ ಹಾಗೆ. ಬೆಳಿಗ್ಗೆ ಹತ್ತು ಗಂಟೆಗೆ ಸುಸ್ತಾಗಿ ಕಣ್ಣು ಮುಚ್ಚಿಹೋಗುತ್ತಿತ್ತು. ಹುಳಿಗೆ ಮೂರು ಸಲ ಉಪ್ಪು ಹಾಕಿದ್ದೆ, ಹಾಕಿದ್ದು ನೆನಪೇ ಇಲ್ಲ. ಮಗಳು ಒಂದು ಲೋಟ ಎತ್ತಿಡಲಿಲ್ಲ ಅಂತ ಕಿರುಚಿ, ಅವಳು ಬೆಚ್ಚಿಬಿದ್ದದ್ದು ನೋಡಿ, ಇದು ನಾನಲ್ಲ ಅನ್ನಿಸಿತು. ಡಾಕ್ಟರ್ ಹೇಳಿದರು, ಕೋಪ ತಡೆಯುವುದು, ಕೆಲಸ ಒಂದಾದ ಮೇಲೊಂದು ಜೋಡಿಸಿಕೊಳ್ಳುವುದು, ಇದೆಲ್ಲ ಹಣೆಯ ಹಿಂದಿನ ಭಾಗದ ಕೆಲಸ, ಅಲ್ಲಿಗೇ ಗಾಯ ಆಗಿರುವುದು. ಆ ಮಾತನ್ನು ಮಗಳ ಮುಂದೆಯೇ ಹೇಳಿದರು. ಅದು ದೊಡ್ಡ ಉಪಕಾರ. ಅವಳು ಮನೆಗೆ ಬಂದು ತನ್ನ ಹಳೇ ಸ್ಲೇಟು ಹುಡುಕಿ ಒಲೆ ಪಕ್ಕ ನೇತುಹಾಕಿದಳು. ಉಪ್ಪು ಹಾಕಿದ ಕೂಡಲೇ ಬಳಪದಲ್ಲಿ ಒಂದು ಗೀಟು. ಈಗಲೂ ಗೀಟು ಎಳೆಯುತ್ತೇನೆ. ಮಧ್ಯಾಹ್ನ ಒಂದು ಗಂಟೆ ಕತ್ತಲೆ ಕೋಣೆಯಲ್ಲಿ ಸುಮ್ನೆ ಮಲಗುತ್ತೇನೆ. ಶಬ್ದ, ಕೋಪ ಎರಡೂ ಒಂದು ವರ್ಷದಲ್ಲಿ ಬಹಳ ಇಳಿದವು. ಸುಸ್ತು ಪೂರ್ತಿ ಹೋಗಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ನಮ್ಮನೆಯವರು ಒಗ್ಗರಣೆಗೆ ಗುಂಟೂರು ಮೆಣಸಿನಕಾಯಿ ಹಾಕಿದರು. ನನಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. "ಬಂತು, ವಾಸನೆ ಬಂತು" ಅಂತ ಕುಣಿದಾಡಿಬಿಟ್ಟೆ. ವಾಸನೆ ಬಂದಿರಲಿಲ್ಲ. ಉರಿ, ತಂಪು, ಚುಚ್ಚುವಿಕೆ ಇವನ್ನು ಹೊತ್ತು ತರುವುದು ಮುಖದ ಇನ್ನೊಂದು ನರವಂತೆ. ಅದಕ್ಕೆ ಏನೂ ಆಗಿರಲಿಲ್ಲ. ನನಗೆ ಆಗ ಬೇಜಾರಾಯಿತು, ಆಮೇಲೆ ಒಂದು ವಿಷಯ ಹೊಳೆಯಿತು. ನಮ್ಮ ಹಿರಿಯರು ಮೆಣಸಿನಕಾಯಿಯದನ್ನು ವಾಸನೆ ಅನ್ನಲೇ ಇಲ್ಲ, ಅಲ್ವಾ? ಘಾಟು ಅಂದರು. ಮಲ್ಲಿಗೆಗೆ ಕಂಪು, ತುಪ್ಪಕ್ಕೆ ಘಮ, ಹಳೇ ಅಕ್ಕಿಗೆ ಮುಗ್ಗಲು, ಹಳೇ ಎಣ್ಣೆಗೆ ಕಮಟು. ಇಷ್ಟೆಲ್ಲ ಮಾತುಗಳಿದ್ದ ಮನೆಯಲ್ಲಿ ನನ್ನ ಪಾಲಿಗೆ ಘಾಟು ಒಂದೇ ಉಳಿದಿತ್ತು.

ಮತ್ತೆ ಒಲೆ ಮುಂದೆ ನಿಲ್ಲಿಸಿದ್ದು ನಮ್ಮ ಅತ್ತೆ. ಅವರಿಗೆ ಆಗ 78. ಪೊರೆ ಬಂದು ಕಣ್ಣು ಮಂಜು. "ನಾನು ಕಣ್ಣು ಕಾಣದೆ ತುಪ್ಪ ಕಾಸ್ತಿಲ್ವೇನೇ? ಬಾ ಇಲ್ಲಿ, ಕಿವಿ ಕೊಡು" ಅಂದರು. ಬೆಣ್ಣೆ ಬಾಣಲೆಗೆ ಹಾಕಿ ನನ್ನನ್ನು ಪಕ್ಕದಲ್ಲಿ ಮಣೆ ಮೇಲೆ ಕೂರಿಸಿದರು. ಮೊದಲು ಏನೂ ಇಲ್ಲ. ಕರಗಿದ ಮೇಲೆ ಚಟಪಟ ಶುರುವಾಯಿತು, ಮಳೆ ಶೀಟಿನ ಮೇಲೆ ಬಿದ್ದ ಹಾಗೆ. "ಅದು ನೀರು. ಅದು ಹೋಗೋವರೆಗೂ ತುಪ್ಪ ಆಗಲ್ಲ." ಹತ್ತು ನಿಮಿಷ ಆ ಸದ್ದು. ನಿಧಾನಕ್ಕೆ ಹನಿಗಳ ನಡುವೆ ಅಂತರ ಜಾಸ್ತಿಯಾಯಿತು. ಆಮೇಲೆ ಬರೀ ಸೊರ್ ಅನ್ನುವ ಸಣ್ಣ ಸದ್ದು, ನೊರೆ ಏಳುವುದು. ಆಮೇಲೆ ಅದೂ ನಿಂತಿತು. "ಈಗ" ಅಂದರು. ಒಂದು ಎಲೆ ಕರಿಬೇವು ಹಾಕಿದರು, ಅದು ಚರ್ ಅಂದು ಗರಿಗರಿಯಾಯಿತು. ಬಗ್ಗಿ ನೋಡಿದೆ. ತಳದಲ್ಲಿ ಗಸಿ ಹೊಂಬಣ್ಣಕ್ಕೆ ತಿರುಗಿತ್ತು. ಅಷ್ಟು ವರ್ಷ ತುಪ್ಪ ಕಾಸಿದ್ದೆ, ಆ ಮೌನವನ್ನು ಒಮ್ಮೆಯೂ ಕೇಳಿರಲಿಲ್ಲ.

ಹಾಗೇ ಒಂದೊಂದಾಗಿ ಕಲಿತೆ. ಧನಿಯವನ್ನು ಎರಡು ಬೆರಳ ನಡುವೆ ಒತ್ತಿದರೆ ಪಟ್ ಅಂತ ಒಡೆಯಬೇಕು. ಬ್ಯಾಡಗಿ ಮೆಣಸಿನಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಮೆಂತ್ಯಕ್ಕೆ ಮಾತ್ರ ಕಿವಿ ಸಾಲದು, ಬಣ್ಣವೇ ನೋಡಬೇಕು. ಅದನ್ನು ಹಗಲಲ್ಲಿ, ಕಿಟಕಿ ಪಕ್ಕ, ಸಣ್ಣ ಉರಿಯಲ್ಲಿ, ಒಂದು ಹಿಡಿಯಷ್ಟನ್ನೇ ಹುರಿಯುತ್ತೇನೆ. ಕೊನೆಗೆ ಮಗಳು ಮೂಸಿ ನೋಡುತ್ತಾಳೆ. ಅವಳು ಹೂಂ ಅಂದರೆ ಮಾತ್ರ ಡಬ್ಬಿಗೆ.

ಗ್ಯಾಸಿನ ವಿಷಯ ಮರೆಯಬಾರದು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಅಂತ ಮರ್ಕ್ಯಾಪ್ಟನ್ ಅನ್ನುವ ನಾರುವ ರಾಸಾಯನಿಕ ಬೆರೆಸಿರುತ್ತಾರೆ. ಮೂಗೇ ಇಲ್ಲದವರಿಗೆ ಅದರಿಂದ ಏನು ಪ್ರಯೋಜನ? ನಾವು ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್ ಹಾಕಿಸಿದೆವು. ಈ ಗ್ಯಾಸು ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಅದಕ್ಕೇ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ತಲೆಗೆ ಪೆಟ್ಟಾದವರು ನಿಮ್ಮ ಮನೆಯಲ್ಲಿದ್ದರೆ, ವಾಸನೆ ಬರುತ್ತಾ ಅಂತ ಮೊದಲ ವಾರದಲ್ಲೇ ಕೇಳಿ. ಅವರಾಗಿ ಹೇಳುವುದಿಲ್ಲ, ನನ್ನ ಹಾಗೆ ಅವರಿಗೇ ಗೊತ್ತಿರುವುದಿಲ್ಲ.

ಡಾಕ್ಟರ್ ಒಂದು ಅಭ್ಯಾಸವನ್ನೂ ಹೇಳಿಕೊಟ್ಟರು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ, ಹೆಸರು ನೆನೆಸಿಕೊಳ್ಳುತ್ತಾ ಮೂಸುವುದು. ಜರ್ಮನಿಯ ವೈದ್ಯರು 2009ರಲ್ಲಿ ಇದನ್ನು ಪ್ರಯೋಗ ಮಾಡಿ ಬರೆದಿದ್ದರು. ಪೆಟ್ಟಿನಿಂದ ಹೋದ ವಾಸನೆಗೆ ಕಡಿಮೆ ಫಲ, ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ ಅಂದಿದ್ದರು. ದಿನವೂ ಮಾಡಿದೆ. ಎಂಟನೇ ತಿಂಗಳಿಗೆ ಕಾಫಿ ಹತ್ತಿರ ಬಂದರೆ ರಬ್ಬರ್ ಸುಟ್ಟ ಹಾಗೆ ನಾತ. ವಾಂತಿ ಬರುವಷ್ಟು. ಡಾಕ್ಟರ್ ಖುಷಿಪಟ್ಟರು! ನರದ ಎಳೆ ಮತ್ತೆ ಬೆಳೆಯುವಾಗ ಹೀಗೆ ತಪ್ಪು ಸುದ್ದಿ ಬರುವುದುಂಟಂತೆ. ಅಪ್ಪನ ಕಾಲದಿಂದ ಫಿಲ್ಟರ್ ಕಾಫಿ ಕುಡಿದ ಮನೆಯವಳು ನಾನು. ಅವತ್ತಿನಿಂದ ಬಿಸಿ ಹಾಲು ಕುಡಿಯುತ್ತಿದ್ದೇನೆ.

2020ರಲ್ಲಿ ಕೊರೊನಾ ಬಂತು. ಒಬ್ಬ ಚಿಕ್ಕಮ್ಮ ಫೋನ್ ಮಾಡಿ ಅತ್ತರು. "ಎಂಟು ದಿನ ವಾಸನೆ ಇಲ್ದೆ ಹುಚ್ಚು ಹಿಡಿದ ಹಾಗಾಯ್ತು ಕಣೇ. ನೀನು ಹೇಗೆ ಇದ್ದೀಯಾ?" ಬಿದ್ದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಒಂದು ಗಂಟೆ ಮಾತಾಡಿದೆವು.

ಈಗ ಲವಂಗ ಗೊತ್ತಾಗುತ್ತದೆ, ದೂರದಿಂದ ಯಾರೋ ಕರೆದ ಹಾಗೆ. ನಿಂಬೆ ಕೆಲವು ದಿನ ಉಂಟು, ಕೆಲವು ದಿನ ಇಲ್ಲ. ಮಲ್ಲಿಗೆ ಬಂದಿಲ್ಲ. ನಮ್ಮನೆಯವರು ಮಧ್ಯೆ ಹೂ ತರುವುದು ನಿಲ್ಲಿಸಿದ್ದರು, ನನಗೆ ನೋವಾಗುತ್ತದೆ ಅಂತ. ತನ್ನಿ ಅಂದೆ. ಶುಕ್ರವಾರ ಒಂದು ಮೊಳ ತರುತ್ತಾರೆ, ಮುಡಿಯುತ್ತೇನೆ. ಕತ್ತಿಗೆ ತಾಗುವ ತಂಪು ಹಾಗೇ ಇದೆ.

ಮಗಳಿಗೆ ಈಗ ಬೆಂಗಳೂರಿನಲ್ಲಿ ಕೆಲಸ. ಎರಡು ವಾರಕ್ಕೊಮ್ಮೆ ಬರುತ್ತಾಳೆ, ಅದಕ್ಕೆ ತಕ್ಕ ಹಾಗೆ ನಾನು ಪುಡಿ ಮಾಡುವ ದಿನ ಇಟ್ಟುಕೊಂಡಿದ್ದೇನೆ. ಈ ಶನಿವಾರ ಬರುತ್ತಾಳೆ. ತಾರಸಿ ಮೇಲೆ ಮೂರು ಕಿಲೋ ಧನಿಯ ಒಣಗುತ್ತಿದೆ.