ವೈಕಿಂಗರನ್ನು ಹುಡುಕಿಕೊಂಡು, ಮಂಡಿನೋವಿನ ಸಮೇತ

ಹಡಗಿನ ಟಿಕೆಟ್ ಬುಕ್ ಮಾಡೋಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹಡಗು ನಿಂತ ಕಡೆಯೆಲ್ಲ ಇಳಿದು ಏನು ನೋಡೋದು ಅಂತ ತೀರ್ಮಾನ ಮಾಡೋಕೆ ಮಾತ್ರ ಮೂರು ವಾರ ಬೇಕಾಯಿತು.

ಮಗಳು ಇರುವುದು ಇಂಗ್ಲೆಂಡಿನಲ್ಲಿ. ಜೂನ್‌ನಲ್ಲಿ ಅವಳ ಮನೆಗೆ ಹೋದಾಗ ಸೌತಾಂಪ್ಟನ್‌ನಿಂದ ಹೊರಡುವ ಒಂದು ಕ್ರೂಸ್‌ಗೆ ನಮ್ಮಿಬ್ಬರನ್ನೂ ಹತ್ತಿಸಿದಳು. ನಾರ್ವೆಯಲ್ಲಿ ಸ್ಟಾವಂಗರ್, ಫ್ಲೋಮ್, ಓಲೆಸುಂಡ್. ವಾಪಸ್ ಬರುವಾಗ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳ ಕರ್ಕ್‌ವಾಲ್. ನಾನು ಮೂವತ್ತು ವರ್ಷ ಮೈಸೂರಿನ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು. ಸಾವಿರ ವರ್ಷದ ಹಿಂದೆ ನಾರ್ವೆ ಕಡೆಯಿಂದ ಹಡಗಿನಲ್ಲಿ ಹೊರಟು ಲೂಟಿ, ವ್ಯಾಪಾರ ಮಾಡಿದ ವೈಕಿಂಗರ ಬಗ್ಗೆ ನಮ್ಮ ಪಠ್ಯದಲ್ಲಿ ಇದ್ದದ್ದು ಹೆಚ್ಚೆಂದರೆ ಎರಡು ಸಾಲು. ಆ ಎರಡು ಸಾಲಿನ ಆಚೆ ಏನಿದೆ ಅಂತ ನೋಡುವ ಆಸೆ ನನಗೆ. ನಮ್ಮ ಮನೆಯವರಿಗೆ ರೈಲು ಸಿಕ್ಕರೆ ಸಾಕು.

ಹಡಗಿನವರ ಶೋರ್ ಎಕ್ಸ್‌ಕರ್ಷನ್ ಪಟ್ಟಿ ತೆಗೆದರೆ ಪ್ರತಿ ಬಂದರಿನಲ್ಲೂ ಒಂದು ವೈಕಿಂಗ್. ವೈಕಿಂಗ್ ಊಟ, ವೈಕಿಂಗ್ ನಡಿಗೆ, ವೈಕಿಂಗ್ ಬಸ್ಸು. ಪಟ್ಟಿಯ ಭಾಷೆ ಅರ್ಥ ಆಗೋಕೆ ಸ್ವಲ್ಪ ದಿನ ಬೇಕು. 'ಪನೋರಮಿಕ್ ಡ್ರೈವ್' ಅಂದರೆ ಬಸ್ಸಿನಿಂದ ಇಳಿಸುವುದಿಲ್ಲ ಅಂತ. 'ಫೋಟೋ ಸ್ಟಾಪ್' ಅಂದರೆ ಹದಿನೈದು ನಿಮಿಷ, ಅದರಲ್ಲಿ ಹತ್ತು ನಿಮಿಷ ಟಾಯ್ಲೆಟ್ ಕ್ಯೂ. ನಡೆಯುವ ಮನುಷ್ಯನ ಚಿತ್ರ ಇದ್ದರೆ ಎಷ್ಟು ಮೆಟ್ಟಿಲು ಅಂತ ಕೇಳಿಕೊಳ್ಳಬೇಕು. ಒಬ್ಬರಿಗೆ ನೂರು ಪೌಂಡು ದಾಟುವ ಟೂರುಗಳೇ ಜಾಸ್ತಿ. ಮಗಳ ದುಡ್ಡು, ಆದರೂ ಹೊಟ್ಟೆ ಉರಿಯುತ್ತೆ ಅಲ್ವಾ?

"ಅಮ್ಮ, ಒಂದೇ ಒಂದು ವೈಕಿಂಗ್ ಟೂರ್ ಆರಿಸಿಕೋ. ಮಿಕ್ಕಿದ್ದು ನೀವೇ ಓಡಾಡಿ," ಅಂದಳು.

ನನಗೆ ನಿಜವಾಗಿ ನೋಡಬೇಕಿದ್ದದ್ದು ಆಸ್ಲೋದಲ್ಲಿರುವ ಓಸೆಬರ್ಗ್ ಹಡಗು. 1904ರಲ್ಲಿ ಒಂದು ಹೊಲದ ದಿಬ್ಬದೊಳಗಿನಿಂದ, ಇಬ್ಬರು ಹೆಂಗಸರ ಶವದ ಜೊತೆ ಅಗೆದು ತೆಗೆದದ್ದು. ಆದರೆ ನಮ್ಮ ಹಡಗು ಆಸ್ಲೋಗೆ ಹೋಗುವುದೇ ಇಲ್ಲ. ಹೋಗಿದ್ದರೂ ಪ್ರಯೋಜನ ಇರಲಿಲ್ಲ, ಹೊಸ ಕಟ್ಟಡ ಕಟ್ಟುವ ಸಲುವಾಗಿ ಆ ಮ್ಯೂಸಿಯಂ 2022ರಿಂದ ಮುಚ್ಚಿದೆ. ಇದನ್ನು ನೋಡಿಕೊಳ್ಳದೆ ಆಸ್ಲೋ ಕ್ರೂಸ್ ಹಿಡಿದು ಪೆಚ್ಚುಮೋರೆ ಹಾಕಿಕೊಂಡವರನ್ನು ಆಮೇಲೆ ಊಟದ ಟೇಬಲ್ಲಿನಲ್ಲಿ ನೋಡಿದೆ.

ಕೊನೆಗೆ ಫ್ಲೋಮ್‌ನ ಟೂರ್ ಒಂದಕ್ಕೆ ದುಡ್ಡು ಕಟ್ಟಿದೆ. ಕರ್ಕ್‌ವಾಲ್‌ನಲ್ಲಿ ಬೇಕಾದದ್ದು ಪಟ್ಟಿಯಲ್ಲಿ ಇರಲೇ ಇಲ್ಲ. ಅದರ ಕಥೆ ಆಮೇಲೆ.

ಮೊದಲ ಬಂದರು ಸ್ಟಾವಂಗರ್. ಇಲ್ಲಿ ಟೂರ್ ಬೇಕಾಗಿಲ್ಲ. ಊರಿನ ಬಸ್ ಹತ್ತಿ ಹಾಫ್ರ್ಸ್‌ಫ್ಯೋರ್ಡ್ ದಡಕ್ಕೆ ಹೋದರೆ ಬಂಡೆಯಲ್ಲಿ ನೆಟ್ಟ ಮೂರು ಕಂಚಿನ ಕತ್ತಿಗಳು. ಎತ್ತರ 10 ಮೀಟರ್. ಹೆರಾಲ್ಡ್ ಅನ್ನುವ ರಾಜ ಇಲ್ಲಿ ಉಳಿದವರನ್ನು ಸೋಲಿಸಿ ನಾರ್ವೆಯನ್ನು ಒಂದು ಮಾಡಿದನಂತೆ. 872 ಅನ್ನುವುದು ವಾಡಿಕೆಯ ಲೆಕ್ಕ. ಗೀಡಾ ಅನ್ನುವ ಹುಡುಗಿ, ಇಡೀ ನಾರ್ವೆಗೆ ರಾಜನಾದರೆ ಮಾತ್ರ ನಿನ್ನನ್ನು ಮದುವೆ ಆಗ್ತೀನಿ ಅಂದಳಂತೆ. ಅಲ್ಲಿಯವರೆಗೂ ತಲೆಗೂದಲು ಕತ್ತರಿಸಲ್ಲ, ಬಾಚಲ್ಲ ಅಂತ ಇವನು ಶಪಥ ಮಾಡಿದನಂತೆ. ದ್ರೌಪದಿಯ ಮುಡಿ ನೆನಪಾಯಿತು. ಕತ್ತಿಗಳು ಚೆನ್ನಾಗಿವೆ, ಆದರೆ ನಿಲ್ಲಿಸಿದ್ದು 1983ರಲ್ಲಿ. ಅಂದರೆ ನನ್ನ ಸೈಕಲ್ಲಿಗಿಂತ ಹೊಸದು. ಮಕ್ಕಳು ಕತ್ತಿಯ ಬುಡದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದರು. ಅರ್ಧ ಗಂಟೆಗೆ ಮುಗಿಯಿತು.

ಫ್ಲೋಮ್‌ನಲ್ಲಿ ನಾವಿಬ್ಬರೂ ಬೇರೆ ಬೇರೆ ದಾರಿ ಹಿಡಿದೆವು. ಇವರು ರೈಲಿಗೆ ಹೋದರು. ಸಮುದ್ರದ ಮಟ್ಟದಿಂದ ಹೊರಟು 20 ಕಿಲೋಮೀಟರಿನಲ್ಲಿ 866 ಮೀಟರ್ ಮೇಲೆ ಹತ್ತುವ ರೈಲು ಅದು. ಸಂಜೆ ಬಂದ ಮೇಲೆ ಎರಡು ದಿನ ಅದನ್ನೇ ಹೇಳಿದರು, ನಾನು ಇಲ್ಲಿ ಹೇಳುವುದಿಲ್ಲ.

ನಾನು ದೋಣಿ ಹತ್ತಿ ನಾರೊಯ್‌ಫ್ಯೋರ್ಡ್ ಒಳಗೆ ಗುಡ್ವಾಂಗೆನ್‌ಗೆ ಹೋದೆ. ಎರಡು ಗಂಟೆಯ ದಾರಿ. ಒಂದು ಕಡೆ ನೀರಿನ ಅಗಲ ಬರೀ 250 ಮೀಟರ್, ಎರಡೂ ಪಕ್ಕ ಬೆಟ್ಟ ನೆಟ್ಟಗೆ ಎದ್ದು ನಿಂತಿದೆ. ಈ ದೋಣಿ ಸವಾರಿಯೇ ಕೊಟ್ಟ ದುಡ್ಡಿಗೆ ಸಾಕಾಗಿತ್ತು.

ಕೊನೆಯಲ್ಲಿರುವುದು 2017ರಲ್ಲಿ ತೆರೆದ ವೈಕಿಂಗ್ ಹಳ್ಳಿ, ಹೆಸರು ನ್ಯಾರ್ಡಾರ್‌ಹೈಮ್. ಹಳೆಯದೇನೂ ಇಲ್ಲ, ಎಲ್ಲ ಹೊಸದಾಗಿ ಕಟ್ಟಿದ್ದು. ನಾಟಕದ ಸೆಟ್ಟು ಅಂತ ಮೂಗು ಮುರಿದುಕೊಂಡೇ ಒಳಗೆ ಕಾಲಿಟ್ಟೆ. ಗೈಡ್ ಹುಡುಗ ಮೊದಲು ಹೇಳಿದ್ದೇ ಕೊಂಬಿನ ವಿಷಯ. ವೈಕಿಂಗರು ಕೊಂಬಿರುವ ಶಿರಸ್ತ್ರಾಣ ಹಾಕುತ್ತಿದ್ದರು ಅನ್ನುವುದಕ್ಕೆ ಆಧಾರ ಇಲ್ಲ. 1876ರಲ್ಲಿ ಜರ್ಮನಿಯಲ್ಲಿ ವಾಗ್ನರ್ ಅನ್ನುವ ಸಂಗೀತಗಾರನ ಒಪೆರಾ, ಅಂದರೆ ಹಾಡುನಾಟಕ, ಆಡಿದಾಗ ವೇಷ ಹೊಲಿದವರು ಹಾಕಿಸಿದ ಕೊಂಬು ಜನರ ತಲೆಯಲ್ಲಿ ಹಾಗೇ ಉಳಿದುಬಿಟ್ಟಿತು. ಅವನು ಇಷ್ಟು ಹೇಳಿ ಮುಗಿಸುವಾಗ ನಮ್ಮ ಗುಂಪಿನಲ್ಲೇ ಇಬ್ಬರು ಪ್ಲಾಸ್ಟಿಕ್ ಕೊಂಬು ಹಾಕಿಕೊಂಡು ನಿಂತಿದ್ದರು. ಅವರು ತೆಗೆಯಲೂ ಇಲ್ಲ.

ಕೊಡಲಿ ಎಸೆಯುವ ಜಾಗದಲ್ಲಿ ನಾನೂ ಎಸೆದೆ. ಎರಡು ಸಲ ಹಲಗೆಗೆ ತಾಗಿ ಬಿತ್ತು, ಮೂರನೇ ಸಲ ಕಚ್ಚಿಕೊಂಡಿತು. ಸುಮ್ನೆ ಹೇಳೋದಲ್ಲ, ಬಹಳ ಖುಷಿಯಾಯಿತು.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಗುಡಿಸಲಿನ ಹೊಸ್ತಿಲಲ್ಲಿ ಕೂತು ಕಾಲುಚೀಲ ಮಾಡುತ್ತಿದ್ದ ಹೆಂಗಸು. ನಾನೂ ಸ್ವೆಟರ್ ಹಾಕುವವಳೇ. ಹತ್ತಿರ ಹೋಗಿ ನೋಡಿದರೆ ಅವಳ ಕೈಯಲ್ಲಿ ಎರಡು ಕಡ್ಡಿ ಇಲ್ಲ. ಅಗಲವಾದ ಮೂಳೆಯ ಸೂಜಿ, ಒಂದೇ. ಎಡಗೈ ಹೆಬ್ಬೆರಳಿಗೆ ಒಂದು ಕುಣಿಕೆ ಸುತ್ತಿ, ಹಿಂದಿನ ಎರಡು ಕುಣಿಕೆಯೊಳಗೆ ಸೂಜಿ ತೂರಿಸಿ, ಇಡೀ ಎಳೆಯನ್ನು ಆಚೆಗೆ ಎಳೆಯುತ್ತಾಳೆ. ಮತ್ತೆ ಹೆಬ್ಬೆರಳು, ಮತ್ತೆ ಕುಣಿಕೆ. ಉಂಡೆ ಇಟ್ಟುಕೊಂಡು ಮಾಡೋಕೆ ಆಗಲ್ಲ. ಪ್ರತಿ ಸಲ ಎಳೆ ಪೂರ್ತಿ ಹೊರಗೆ ಬರಬೇಕಲ್ಲ, ಅದಕ್ಕೆ ಮಾರುದ್ದದ ತುಂಡುಗಳು. ಒಂದು ಮುಗಿದರೆ ಇನ್ನೊಂದರ ತುದಿಗೆ ಸ್ವಲ್ಪ ನೀರು ಹಚ್ಚಿ ಅಂಗೈಯಲ್ಲಿ ಉಜ್ಜುತ್ತಾಳೆ, ಉಣ್ಣೆ ಅಂಟಿಕೊಳ್ಳುತ್ತೆ. ನಮ್ಮ ಹೆಣಿಗೆಯಲ್ಲಿ ಒಂದು ಎಳೆ ತುಂಡಾದರೆ ಸರಸರ ಬಿಚ್ಚಿಕೊಳ್ಳುತ್ತೆ. ಇದು ಬಿಚ್ಚಲ್ಲ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಇದೇ ರೀತಿ ಮಾಡಿದ ವೈಕಿಂಗ್ ಕಾಲದ ಒಂದು ಕಾಲುಚೀಲ, ಒಂಟಿ, ಮಣ್ಣಿನೊಳಗೆ ಸಾವಿರ ವರ್ಷ ಉಳಿದು ಸಿಕ್ಕಿದೆ. ನನ್ನ ಕೈಗೂ ಸೂಜಿ ಕೊಟ್ಟಳು. ಹತ್ತು ಕುಣಿಕೆ ಹಾಕುವಷ್ಟರಲ್ಲಿ ಬಸ್ಸಿಗೆ ಕರೆ ಬಂತು. ಹಳ್ಳಿಗೆ ಇಟ್ಟಿದ್ದು ಒಂದು ಗಂಟೆ ಇಪ್ಪತ್ತು ನಿಮಿಷ, ಅದರಲ್ಲಿ ಕಾಲು ಭಾಗ ಅಂಗಡಿಯೊಳಗೆ ನಿಲ್ಲಿಸಿದರು. ಇದೊಂದು ಸಿಟ್ಟು ನನಗೆ.

ವಾಪಸ್ ದಾರಿ ಪೂರ್ತಿ ಸುರಂಗ. ಒಂದೇ ಸುರಂಗ 11 ಕಿಲೋಮೀಟರಿಗೂ ಜಾಸ್ತಿ.

ಓಲೆಸುಂಡ್‌ನಲ್ಲಿ 418 ಮೆಟ್ಟಿಲು ಹತ್ತಿದರೆ ಊರೆಲ್ಲ ಕಾಣುತ್ತೆ ಅಂದರು. ನನ್ನ ಮಂಡಿ ಬೇಡ ಅಂತು. ಪಾರ್ಕಿನಲ್ಲಿ ರೊಲೊ ಅನ್ನುವ ವೈಕಿಂಗನ ಪ್ರತಿಮೆ ನೋಡಿ, ಕಾಫಿ ಕುಡಿದು ಬಂದೆವು. ಫ್ರಾನ್ಸಿನಲ್ಲಿ ನಾರ್ಮಂಡಿಯನ್ನು ಕಟ್ಟಿದವನು ಅವನೇ. ಸಾವಿರ ವರ್ಷ ಆದ ನೆನಪಿಗೆ 1911ರಲ್ಲಿ ಫ್ರಾನ್ಸಿನ ರುಆನ್ ಊರಿನವರು ಈ ಪ್ರತಿಮೆ ಕಳಿಸಿಕೊಟ್ಟರು. ಲೂಟಿಗೆ ಬಂದವನ ಊರಿಗೆ ಲೂಟಿಯಾದವರಿಂದ ಉಡುಗೊರೆ!

ಇನ್ನು ಕರ್ಕ್‌ವಾಲ್.

ಈ ಆರ್ಕ್ನಿ ಇವತ್ತು ಸ್ಕಾಟ್ಲೆಂಡಿಗೆ ಸೇರಿರುವುದು ಒಂದು ವರದಕ್ಷಿಣೆ ಬಾಕಿಯಿಂದ. 1468ರವರೆಗೂ ದ್ವೀಪಗಳು ನಾರ್ವೆಯವು. ಡೆನ್ಮಾರ್ಕ್ ಮತ್ತು ನಾರ್ವೆಯ ರಾಜ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ರಾಜನಿಗೆ ಕೊಡುವಾಗ 60,000 ಚಿನ್ನದ ಫ್ಲೋರಿನ್ ನಾಣ್ಯ ಒಪ್ಪಿಕೊಂಡ. 10,000 ಕೈಯಲ್ಲಿ, 50,000ಕ್ಕೆ ಆರ್ಕ್ನಿ ಅಡವು. ಆ ಹತ್ತು ಸಾವಿರದಲ್ಲೂ ಎರಡೇ ಸಾವಿರ ಕೊಡೋಕೆ ಆಯಿತು. ಉಳಿದ ಎಂಟಕ್ಕೆ ಮುಂದಿನ ವರ್ಷ ಶೆಟ್ಲೆಂಡ್ ದ್ವೀಪಗಳನ್ನೂ ಅಡವಿಟ್ಟ. ಬಿಡಿಸಿಕೊಳ್ಳಲೇ ಇಲ್ಲ. ನಾನು ಇದನ್ನು ಹೇಳಿದಾಗ ಇವರು, "ನಿಮ್ಮಪ್ಪ ಸ್ಕೂಟರ್ ಕೊಡ್ತೀನಿ ಅಂದಿದ್ರು," ಅಂದರು. ಕೇಳಿಸದ ಹಾಗೆ ಮುಂದೆ ನಡೆದೆ.

ಹಡಗಿನವರ ಆರ್ಕ್ನಿ ಟೂರುಗಳಲ್ಲಿ ಕಲ್ಲಿನ ವೃತ್ತ ಇತ್ತು, ಸ್ಕಾರಾ ಬ್ರೇ ಅನ್ನುವ 5000 ವರ್ಷದ ಊರು ಇತ್ತು. ನನಗೆ ಬೇಕಿದ್ದ ಮೇಸ್‌ಹೌ ಅನ್ನುವ ಹಳೆಯ ಗೋರಿ ಇರಲಿಲ್ಲ. ಕಾರಣ ಸರಳ. ಅದರೊಳಗೆ ಒಂದು ಸಲಕ್ಕೆ ಸಣ್ಣ ಗುಂಪು ಮಾತ್ರ ಹಿಡಿಸುತ್ತೆ, ಬಸ್ಸುಗಟ್ಟಲೆ ಜನ ಸುರಿಯೋಕೆ ಆಗಲ್ಲ. ಹೊತ್ತು ಗೊತ್ತುಮಾಡಿ ಮೊದಲೇ ಟಿಕೆಟ್ ತೆಗೆದುಕೊಳ್ಳಬೇಕು. ಮಗಳು ಎರಡು ತಿಂಗಳ ಮುಂಚೆಯೇ ಆನ್‌ಲೈನಿನಲ್ಲಿ ತೆಗೆದಿದ್ದಳು. ಸ್ವಂತವಾಗಿ ಹೋಗುವುದರಲ್ಲಿ ಒಂದು ಭಯ ಇದ್ದೇ ಇದೆ. ಹಡಗಿನವರ ಟೂರ್ ಬಸ್ ತಡವಾದರೆ ಹಡಗು ಕಾಯುತ್ತೆ, ನಮ್ಮ ಬಸ್ ತಡವಾದರೆ ಕಾಯಲ್ಲ. ಹಾಗಾಗಿ ಬೆಳಗಿನ ಹೊತ್ತನ್ನೇ ಆರಿಸಿದ್ದೆವು.

ತಡವಾಗುವ ಮಾತೇ ಬರಲಿಲ್ಲ. ನಾರ್ವೆಗಿಂತ ಆರ್ಕ್ನಿಯ ಗಡಿಯಾರ ಒಂದು ಗಂಟೆ ಹಿಂದೆ. ರಾತ್ರಿ ಹಡಗಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿ ಅಂತ ಚೀಟಿ ಇಟ್ಟಿದ್ದರು. ಇವರು ಮಾತ್ರ ಕೈಗಡಿಯಾರ ಮುಟ್ಟಿರಲಿಲ್ಲ. "ಬೇಗ, ಬೇಗ" ಅಂತ ನನ್ನನ್ನು ತಿಂಡಿಯಿಂದ ಎಬ್ಬಿಸಿ, ಬಸ್ ಹತ್ತಿಸಿ, ಸ್ಟೆನ್ನೆಸ್ ಅನ್ನುವ ಊರಿನ ಟಿಕೆಟ್ ಕಚೇರಿ ಮುಂದೆ ಇಳಿಸಿದಾಗ ನಮ್ಮ ಸರದಿಗೆ ಒಂದೂಕಾಲು ಗಂಟೆ ಇತ್ತು. ಆರ್ಕ್ನಿಯಲ್ಲಿ ಗಾಳಿಗೆ ಅಡ್ಡ ನಿಲ್ಲೋಕೆ ಒಂದು ಮರವೂ ಕಣ್ಣಿಗೆ ಬೀಳಲಿಲ್ಲ. ಸೀರೆ ಉಡದೆ ಬಂದದ್ದು ಪುಣ್ಯ.

ಮೇಸ್‌ಹೌ ಹೊರಗಿನಿಂದ ಹುಲ್ಲು ಬೆಳೆದ ಒಂದು ಗುಡ್ಡೆ, ಅಷ್ಟೇ. ಏಳು ಮೀಟರ್ ಎತ್ತರ. ಕಟ್ಟಿ ಸುಮಾರು 5000 ವರ್ಷ ಆಗಿದೆ, ಅದು ಸತ್ತವರನ್ನು ಇಡುವ ಮನೆ. ವೈಕಿಂಗರು ಬರುವ ಹೊತ್ತಿಗೇ ಅದು ಬಹಳ ಹಳೆಯದು. 12ನೇ ಶತಮಾನದಲ್ಲಿ ಅವರು ಚಾವಣಿ ಒಡೆದು ಒಳಗೆ ಇಳಿದರು. 1153ರ ಚಳಿಗಾಲದಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿ ಒಂದು ಗುಂಪು ಇಲ್ಲಿ ತಂಗಿತ್ತು, ಅವರಲ್ಲಿ ಇಬ್ಬರಿಗೆ ಹುಚ್ಚು ಹಿಡಿಯಿತು ಅಂತ ಆರ್ಕ್ನಿಯ ಸಾಗಾ, ಅಂದರೆ ಅಲ್ಲಿನ ಹಳೆಯ ಕಥನ, ಹೇಳುತ್ತೆ.

ನಾವು ಹೋಗಬೇಕಾದದ್ದು ಬಾಗಿಲಿನಿಂದ. ಸುಮಾರು 10 ಮೀಟರ್ ಉದ್ದದ ಕಲ್ಲಿನ ಓಣಿ, ಎತ್ತರ ನನ್ನ ಸೊಂಟದಷ್ಟು. ನಡುವೆ ನಿಲ್ಲುವ ಹಾಗಿಲ್ಲ, ಕೂರುವ ಹಾಗಿಲ್ಲ. ಮುಂದಿದ್ದವರ ಬೂಟಿನ ಹಿಮ್ಮಡಿ ನೋಡಿಕೊಂಡು, ಎರಡೂ ಕೈ ಮಂಡಿಯ ಮೇಲಿಟ್ಟು, ಶ್ರೀರಾಮ ಶ್ರೀರಾಮ ಅನ್ನುತ್ತಾ ಬಾತುಕೋಳಿಯ ಹಾಗೆ ಸಾಗಿದೆ. ಹಿಂದಿನಿಂದ ಇವರು, "ಆಗುತ್ತೇನೇ?" ಅಂತ ಕೇಳುತ್ತಲೇ ಇದ್ದರು.

ಒಳಗೆ ಬೆನ್ನು ನೆಟ್ಟಗೆ ಮಾಡಿ ನಿಂತರೆ ನಾಲ್ಕೂವರೆ ಮೀಟರ್ ಉದ್ದ, ಅಷ್ಟೇ ಅಗಲದ ಕೋಣೆ. ಫೋಟೋ ತೆಗೆಯುವ ಹಾಗಿಲ್ಲ. ಗೈಡ್ ಟಾರ್ಚನ್ನು ಗೋಡೆಗೆ ಒತ್ತಿ ಓರೆಯಾಗಿ ಹಿಡಿದರು. ಅಲ್ಲಿಯವರೆಗೂ ಬರೀ ಕಲ್ಲಾಗಿದ್ದ ಕಡೆ ಅಕ್ಷರ ಎದ್ದುಬಂತು. ನೆಟ್ಟಗಿನ ಗೀಟು, ಅದಕ್ಕೆ ಓರೆ ಗೀಟು. ದುಂಡಗಿನದು ಒಂದೂ ಇಲ್ಲ. ಮರದ ಮೇಲೆ ಕೆತ್ತಿ ಅಭ್ಯಾಸವಾದ ಕೈಯ ಲಿಪಿ ಅದು, ವೈಕಿಂಗರ ರೂನ್ ಲಿಪಿ. ನಮ್ಮ ಕನ್ನಡದ ಗುಂಡಗಿನ ಅಕ್ಷರ ಬರೆಯುವವರು ಇದನ್ನು ನೋಡಿದರೆ ಬೇಲಿ ಮುರಿದು ಬಿದ್ದಿದೆ ಅನ್ನಬೇಕು. ಇಂಥ ಬರಹ ಇಲ್ಲಿ ಮೂವತ್ತರಷ್ಟಿವೆ.

ಏನು ಬರೆದಿದ್ದಾರೆ ಅಂತೀರಿ? ಯುದ್ಧ, ದೇವರು, ರಾಜರ ಹೊಗಳಿಕೆ ಅಂದುಕೊಂಡಿದ್ದೆ. 'ಥೋಲ್ಫಿರ್ ಕೋಲ್ಬೈನ್ಸನ್ ಇದನ್ನು ಇಷ್ಟು ಎತ್ತರದಲ್ಲಿ ಕೆತ್ತಿದ' ಅಂತ ಒಬ್ಬ. ನಿಜವಾಗಲೂ ಎತ್ತರದಲ್ಲೇ ಇದೆ, ಯಾರದೋ ಹೆಗಲೇರಿರಬೇಕು. ಪಶ್ಚಿಮದ ಸಮುದ್ರದಲ್ಲೇ ರೂನ್ ಲಿಪಿಯಲ್ಲಿ ಅತಿ ಜಾಣ ಇದನ್ನು ಕೆತ್ತಿದ್ದಾನೆ ಅಂತ ತನ್ನನ್ನೇ ಹೊಗಳಿಕೊಂಡವನು ಇನ್ನೊಬ್ಬ. ದ್ವೀಪದ ಒಡೆಯನ ಅಡುಗೆಯವಳು ಹ್ಲೀಫ್ ಕೂಡ ಹೆಸರು ಹಾಕಿದ್ದಾಳೆ. ನಿಧಿ ಇತ್ತು, ಆಗಲೇ ಯಾರೋ ಹೊತ್ತುಕೊಂಡು ಹೋದರು ಅಂತ ಹಲುಬಿದವರಿದ್ದಾರೆ. ನಮ್ಮ ಬೆಟ್ಟದ ಬಂಡೆಗಳ ಮೇಲೆ ಸುಣ್ಣದಲ್ಲಿ ಹೆಸರು ಬರೆಯುವ ಹುಡುಗರಿಗೆ ಎಷ್ಟು ಬೈದಿದ್ದೇನೆ! ಇಲ್ಲಿ ಅದನ್ನೇ ನೋಡೋಕೆ ಟಿಕೆಟ್ ಕೊಟ್ಟು ಬಂದಿದ್ದೆ.

ಆಮೇಲೆ ಟಾರ್ಚು ಇನ್ನೊಂದು ಕಲ್ಲಿಗೆ ಹೋಯಿತು. ಗೈಡ್ ಓದಿ ಹೇಳಿದರು. 'ಇಂಗಿಬ್ಯೋರ್ಗ್, ಚೆಲುವೆ ವಿಧವೆ. ಎಷ್ಟೋ ಹೆಂಗಸರು ಇಲ್ಲಿ ಬಗ್ಗಿಕೊಂಡು ಬಂದಿದ್ದಾರೆ, ಎಷ್ಟೇ ಜಂಬದವಳಾದರೂ.' ಕೆಳಗೆ ಬರೆದವನ ಹೆಸರು, ಎರ್ಲಿಂಗ್.

ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ಗುಂಪಿನಲ್ಲಿದ್ದ ನನ್ನ ವಯಸ್ಸಿನ ಇನ್ನಿಬ್ಬರು ಹೆಂಗಸರೂ ಹಾಗೇ ನಿಂತಿದ್ದರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಜೋರಾಗಿ ನಕ್ಕೆವು. ಗೋರಿಯೊಳಗೆ ನಗಬಾರದು ಅನ್ನುವುದು ಆಮೇಲೆ ಹೊಳೆಯಿತು.

ವಾಪಸ್ ಬಂದು ಕರ್ಕ್‌ವಾಲ್‌ನ ಸೇಂಟ್ ಮ್ಯಾಗ್ನಸ್ ಚರ್ಚಿಗೆ ಹೋದೆವು. 1137ರಲ್ಲಿ ಶುರುಮಾಡಿದ ಕೆಂಪು, ಹಳದಿ ಕಲ್ಲಿನ ಕಟ್ಟಡ. ಆರ್ಕ್ನಿಯನ್ನು ಆಳುತ್ತಿದ್ದ ಈ ಮ್ಯಾಗ್ನಸ್‌ನನ್ನು ಕೊಲ್ಲಿಸಿದ್ದು ಅವನ ದಾಯಾದಿಯೇ. ಧ್ವಜ ಹಿಡಿಯುವವನು ಕೊಲ್ಲಲಾರೆ ಅಂದಾಗ ಅಡುಗೆಯವನ ಕೈಗೆ ಕೊಡಲಿ ಕೊಟ್ಟರಂತೆ. 1919ರಲ್ಲಿ ಇಲ್ಲಿನ ಒಂದು ಕಂಬದೊಳಗೆ ಅವನ ಮೂಳೆಗಳು ಸಿಕ್ಕವು, ತಲೆಬುರುಡೆಯಲ್ಲಿ ಏಟಿನ ಗುರುತಿತ್ತು. ನಾನು ಆ ಕಂಬದ ಹತ್ತಿರ ಕೂತೇಬಿಟ್ಟೆ. ಭಕ್ತಿಯಿಂದಲ್ಲ, ಏಳೋಕೆ ಆಗುತ್ತಿರಲಿಲ್ಲ.

ಮರುದಿನ ಇಡೀ ದಿನ ಸಮುದ್ರ. ಕ್ಯಾಬಿನ್ನಿನಲ್ಲಿ ಕಾಲು ಚಾಚಿಕೊಂಡು ಕೂತಿದ್ದೆ. ಇವರು ಸೂಟ್‌ಕೇಸಿನ ತಳದಿಂದ ಅಮೃತಾಂಜನ ಹುಡುಕಿ ತಂದು ಕೈಗೆ ಕೊಟ್ಟರು.

"ಹೇಗಿದೆ ಮಂಡಿ, ಇಂಗಿಬ್ಯೋರ್ಗ್ ಅವರೇ?"

"ಅವಳು ವಿಧವೆ ಕಣ್ರೀ," ಅಂದೆ. "ಬಿಡ್ತು ಅನ್ನಿ."